ಸಾಕೆಟ್ ಕೆಲ್ಸ ಮಾಡ್ತಿದೆ ಅಂದ್ರೆ ವೈರಿಂಗ್ ಸರಿ ಇದೆ ಅಂತಲ್ಲ

ಕಂಪ್ಯೂಟರ್ ಕ್ಯಾಬಿನೆಟ್ ಮೇಲೆ ಬರಿ ಕೈ ಇಟ್ರೆ ಜುಮ್ ಅಂತಿತ್ತು. ಶಾಕ್ ಅಂತ ಹೇಳೋ ಹಂಗೂ ಇಲ್ಲ, ಏನೂ ಇಲ್ಲ ಅನ್ನೋ ಹಂಗೂ ಇಲ್ಲ, ಬೆರಳ ಹಿಂಭಾಗದಿಂದ ಸವರಿದ್ರೆ ಇರುವೆ ಹರಿದ ಹಾಗೆ. ಪ್ಲಗ್ ಕಿತ್ತು ಟೆಸ್ಟರ್ ತಗೊಂಡು ಸಾಕೆಟ್‌ಗೆ ಚುಚ್ಚಿ ನೋಡಿದೆ, ಬಲಗಡೆ ತೂತಲ್ಲಿ ದೀಪ ಹತ್ತಿತು, ಎಡಗಡೆ ಹತ್ತಲಿಲ್ಲ, ಮೇಲಿನ ದಪ್ಪ ತೂತಲ್ಲೂ ಹತ್ತಲಿಲ್ಲ, ಸರಿ ಎಲ್ಲ ಕರೆಕ್ಟಾಗೇ ಇದೆ ಅನ್ಕೊಂಡು ಬಿಟ್ಟುಬಿಟ್ಟೆ. ಕಾಲಿಗೆ ಚಪ್ಪಲಿ ಹಾಕ್ಕೊಂಡು ಕೂತ್ರೆ ಜುಮ್ ಅನ್ನಲ್ಲ ಅಂತ ಕಂಡುಹಿಡಿದು, ಅದನ್ನೇ ರಿಪೇರಿ ಅಂತ ತಿಳ್ಕೊಂಡು ಎಂಟು ತಿಂಗಳು ತಳ್ಳಿದೆ. ಆಮೇಲೆ ಮಲ್ಟಿಮೀಟರ್ ಇಟ್ಟು ನೋಡ್ದಾಗ ಗೊತ್ತಾಗಿದ್ದು ಆ ಸಾಕೆಟ್‌ಗೆ ಅರ್ತ್ (ಸೋರಿದ ಕರೆಂಟನ್ನ ಭೂಮಿಗೆ ಒಯ್ಯೋ ವೈರ್) ಅನ್ನೋದೇ ಇರ್ಲಿಲ್ಲ, ಅಷ್ಟೇ ಅಲ್ಲ, ಬೇಕಂತಲೇ ಯಾರೋ ಕತ್ತರಿಸಿ ಇಟ್ಟಿದ್ರು. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ನಿಮ್ಮ ಮನೆ ಸಾಕೆಟ್ ಹೇಗೆ ಚೆಕ್ ಮಾಡೋದು ನೋಡೋಣ.

ಒಂದು ಮಾತು ಮೊದಲೇ. ಹೊರಗಿಂದ ಮೀಟರ್ ಇಟ್ಟು ಅಳೆಯೋದು ಸ್ವಲ್ಪ ಜಾಗ್ರತೆ ಇರೋ ಯಾರು ಬೇಕಾದ್ರೂ ಮಾಡಬಹುದು. ಪ್ಲೇಟ್ ಬಿಚ್ಚಿ ವೈರ್ ಮುಟ್ಟೋದು ಬೇರೆ ವಿಷ್ಯ, ಅದಕ್ಕೆ ಕೆಲವು ಕಡೆ ಲೈಸೆನ್ಸ್ ಇರೋರೇ ಮಾಡಬೇಕು ಅಂತ ರೂಲ್ಸೂ ಇರುತ್ತೆ, ನಿಮಗೆ ಕೈ ನಡುಗಿದ್ರೆ ಅಳತೆ ಮಾತ್ರ ಬರ್ಕೊಂಡು ಎಲೆಕ್ಟ್ರಿಷಿಯನ್‌ಗೆ ಕೊಡಿ. "ಸಾಕೆಟ್ ಸರಿ ಇಲ್ಲ, ನೋಡಿ" ಅನ್ನೋದಕ್ಕೂ "ಎಡ ತೂತಿಂದ ಅರ್ತ್‌ಗೆ 230 ತೋರಿಸ್ತಿದೆ" ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ, ಎರಡನೇದು ಹೇಳಿದ್ರೆ ಅವರೂ ನೇರ ಕೆಲ್ಸಕ್ಕೆ ಇಳೀತಾರೆ.

ಯಾವ ತೂತು ಯಾವುದು

ಇಲ್ಲಿ ಹೇಳ್ತಿರೋದೆಲ್ಲ 230 ವೋಲ್ಟ್ ಸಪ್ಲೈಗೆ ಹಾಕೋ ದುಂಡು ಪಿನ್ನಿನ ಮೂರು ತೂತಿನ ಸಾಕೆಟ್ ಬಗ್ಗೆ. ದಪ್ಪ ತೂತು ಮೇಲೆ ಬರೋ ಹಾಗೆ ಇಟ್ಕೊಂಡು ಎದುರಿಂದ ನೋಡಿದ್ರೆ ಮೇಲಿಂದು ಅರ್ತ್, ಬಲಗಡೆದು ಫೇಸ್ (ಕರೆಂಟ್ ಬರೋ ವೈರ್), ಎಡಗಡೆದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರ್). ಪ್ಲಗ್‌ನಲ್ಲಿ ಅರ್ತ್ ಪಿನ್ ಉದ್ದಕ್ಕೂ ಜಾಸ್ತಿ ದಪ್ಪಕ್ಕೂ ಜಾಸ್ತಿ ಇರೋದು ಚಂದಕ್ಕಲ್ಲ, ಚುಚ್ಚುವಾಗ ಅದು ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು, ದಪ್ಪ ಯಾಕಂದ್ರೆ ತಪ್ಪಿಯೂ ಫೇಸ್ ತೂತಿಗೆ ಹೋಗಬಾರದು.

ಈಗ ಎಡವಟ್ಟು ಎಲ್ಲಿ ಆಗುತ್ತೆ ಅಂದ್ರೆ, ವೈರ್ ಕನೆಕ್ಷನ್ ಕೊಡೋದು ಸಾಕೆಟ್ ಹಿಂದುಗಡೆಯಿಂದ. ತಿರುಗಿಸಿ ಹಿಡ್ಕೊಂಡ ತಕ್ಷಣ ಎಡ ಬಲ ಅದಲು ಬದಲು, ಹಿಂದಿಂದ ನೋಡಿದ್ರೆ ಫೇಸ್ ಎಡಗಡೆ ಬರುತ್ತೆ. "ಬಲಗಡೆ ಫೇಸ್" ಅಂತ ಬಾಯಿಪಾಠ ಮಾಡ್ಕೊಂಡಿರೋನು ಹಿಂದಿನ ಬಲಗಡೆ ಸ್ಕ್ರೂಗೆ ಫೇಸ್ ಕೊಟ್ಟು ಟೈಟ್ ಮಾಡಿ ಹೋಗ್ತಾನೆ, ಫ್ಯಾನ್ ತಿರುಗುತ್ತೆ, ಟಿವಿ ಬರುತ್ತೆ, ಯಾರಿಗೂ ಏನೂ ಗೊತ್ತಾಗಲ್ಲ. ಸಾಕೆಟ್ ಹಿಂದೆ ಸ್ಕ್ರೂ ಪಕ್ಕದಲ್ಲಿ ಪುಟ್ಟದಾಗಿ ಇಂಗ್ಲಿಷ್‌ನಲ್ಲಿ ಎಲ್, ಎನ್ ಅಂತ ಅಚ್ಚಾಗಿರುತ್ತೆ, ಅರ್ತ್‌ಗೆ ಮೂರು ಗೆರೆ ಇಳಿದ ಗುರುತು ಇರುತ್ತೆ, ಎಡ ಬಲ ಲೆಕ್ಕ ಬಿಟ್ಟು ಆ ಅಕ್ಷರ ನೋಡೋದೇ ವಾಸಿ. ಪ್ಲಾಸ್ಟಿಕ್ ಬಿಳಿ, ಅಚ್ಚೂ ಬಿಳಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದ್ರೆ ಮಾತ್ರ ಕಾಣ್ಸುತ್ತೆ.

ಟೆಸ್ಟರ್ ಎಷ್ಟು ಹೇಳುತ್ತೆ ಎಷ್ಟು ಹೇಳಲ್ಲ

ಎಲ್ಲರ ಮನೇಲೂ ಇರೋ ಸ್ಕ್ರೂಡ್ರೈವರ್ ತರದ ನಿಯಾನ್ ಟೆಸ್ಟರ್ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೆ, ಇಲ್ಲಿ ಫೇಸ್ ಇದೆಯಾ ಅಂತ. ಅದಕ್ಕೂ ಪೂರ್ತಿ ನಂಬಿಕೆ ಇಡೋ ಹಾಗಿಲ್ಲ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತು ಒಣ ಕೈಯಲ್ಲಿ ಹಿಡಿದು ಹಗಲು ಬೆಳಕಲ್ಲಿ ನೋಡಿದ್ರೆ ಫೇಸ್ ಇದ್ರೂ ಹತ್ತಿದ್ದು ಕಾಣದೇ ಹೋಗಬಹುದು. ನ್ಯೂಟ್ರಲ್ ಬಂದಿದೆಯಾ ಅಂತ ಅದಕ್ಕೆ ಗೊತ್ತಾಗಲ್ಲ, ಅರ್ತ್ ಇದೆಯಾ ಅಂತಂತೂ ಸುತಾರಾಂ ಗೊತ್ತಾಗಲ್ಲ, ಯಾಕಂದ್ರೆ ಸರಿಯಾದ ಅರ್ತ್‌ನಲ್ಲೂ ಹತ್ತಲ್ಲ, ಎಲ್ಲಿಗೂ ಸೇರದ ಸತ್ತ ತೂತಲ್ಲೂ ಹತ್ತಲ್ಲ. ನಾನು ಎಂಟು ತಿಂಗಳು ಮೋಸ ಹೋಗಿದ್ದು ಇದರಲ್ಲೇ.

ಆದ್ರೆ ಒಂದು ಕಡೆ ಟೆಸ್ಟರ್ ಪಟ್ ಅಂತ ಸುಳಿವು ಕೊಡುತ್ತೆ. ಎರಡೂ ತೂತಲ್ಲಿ ದೀಪ ಹತ್ತಿದ್ರೆ, ಬೋರ್ಡಲ್ಲಿ ಏನೂ ಓಡ್ತಿಲ್ಲ ಅಂದ್ರೆ, ನ್ಯೂಟ್ರಲ್ ಎಲ್ಲೋ ಕಟ್ ಆಗಿದೆ ಅಂತ ಅನುಮಾನ ಪಡಿ. ಆನ್ ಆಗಿರೋ ಬಲ್ಬೋ ಫ್ಯಾನೋ ಒಳಗಿಂದ ಫೇಸ್ ದಾಟಿ ಆ ಕಡೆ ನ್ಯೂಟ್ರಲ್ ವೈರ್‌ಗೆ ಬಂದು ನಿಂತಿರುತ್ತೆ, ವಾಪಸ್ ಹೋಗೋಕೆ ದಾರಿ ಇಲ್ಲ. ಆ ಲೈನಲ್ಲಿರೋ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಎಲ್ಲ ಕಿತ್ತು ಇನ್ನೊಂದು ಸಲ ಚುಚ್ಚಿ, ಒಂದು ಕಡೆ ಆರಿಹೋದ್ರೆ ಅನುಮಾನ ನಿಜ ಆಯ್ತು.

ಇನ್ನೊಂದು, ಸಾಕೆಟ್ ಸ್ವಿಚ್ ಆಫ್ ಮಾಡಿದ ಮೇಲೂ ಯಾವುದಾದ್ರೂ ತೂತಲ್ಲಿ ಟೆಸ್ಟರ್ ಹತ್ತುತ್ತಾ ನೋಡಿ. ಹತ್ತಿದ್ರೆ ಸ್ವಿಚ್ಚನ್ನ ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿರೋ ಸಾಧ್ಯತೆ ಹೆಚ್ಚು. ಆಫ್ ಮಾಡಿದ್ರೂ ಎಲ್‌ಇಡಿ ಬಲ್ಬು ರಾತ್ರಿ ಮಿಣಮಿಣ ಅಂತ ಉರೀತಾ ಇರೋದು ಎಷ್ಟೋ ಸಲ ಇದೇ ಕಾರಣಕ್ಕೆ. ನೀವು ಸ್ವಿಚ್ ಆಫ್ ಮಾಡಿದೀನಿ ಅನ್ನೋ ಧೈರ್ಯದಲ್ಲಿ ಬಲ್ಬ್ ಬಿಚ್ಚೋಕೆ ಹೋಲ್ಡರ್‌ಗೆ ಕೈ ಹಾಕ್ತೀರಿ, ಅಲ್ಲಿ ಫೇಸ್ ಹಂಗೇ ಕೂತಿರುತ್ತೆ.

ಮೀಟರ್ ಇಡೋ ಮೊದಲು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದ್ರೆ ಅದರ ಮೇಲೆ ಕ್ಯಾಟ್ 2 ಅಥವಾ ಕ್ಯಾಟ್ 3, 600 ವೋಲ್ಟ್ ಅಂತ (ಅದು ಮೀಟರಿನ ಸುರಕ್ಷತೆ ದರ್ಜೆ) ಬರೆದಿರ್ಬೇಕು, ವೈರ್ ಸೀಳಿರಬಾರದು. ಕಪ್ಪು ವೈರ್ ಕಾಮ್ ಅಂತ ಬರೆದಿರೋ ತೂತಿಗೆ, ಕೆಂಪು ವೈರ್ ವೋಲ್ಟ್ ಅಂತ ಇರೋ ತೂತಿಗೆ. 10 ಆಂಪ್ ಅಂತ ಇನ್ನೊಂದು ತೂತು ಇರುತ್ತೆ ನೋಡಿ, ಹಿಂದೆ ಯಾವಾಗ್ಲೋ ಕರೆಂಟ್ ಅಳೆದು ಕೆಂಪು ವೈರ್ ಅಲ್ಲೇ ಬಿಟ್ಟಿದ್ರೆ, ಹಾಗೇ ಸಾಕೆಟ್‌ಗೆ ಚುಚ್ಚಿದ್ರಿ ಅಂದ್ರೆ ಫೇಸು ನ್ಯೂಟ್ರಲ್ಲು ನೇರ ಮುಟ್ಟಿಸಿದ ಹಾಗೆ, ಕೈಯಲ್ಲೇ ಢಂ ಅನ್ನುತ್ತೆ. ನಾಬ್ ಎಸಿ ವೋಲ್ಟ್‌ಗೆ, ಅಂದ್ರೆ ವಿ ಪಕ್ಕ ಅಲೆ ಗುರುತಿರೋ ಕಡೆಗೆ, 600 ಅಥವಾ 750 ರೇಂಜಿಗೆ ತಿರುಗಿಸಿ. ಪ್ರೋಬನ್ನ, ಅಂದ್ರೆ ವೈರ್ ತುದಿಯ ಚೂಪು ಕಡ್ಡಿನ, ಪ್ಲಾಸ್ಟಿಕ್ ಅಂಚಿನ ಹಿಂದೆ ಹಿಡೀರಿ, ಕೈ ಒಣಗಿರ್ಲಿ, ಕಾಲಲ್ಲಿ ಚಪ್ಪಲಿ ಇರ್ಲಿ.

ಈಗ ಬರೋ ಸಾಕೆಟ್‌ಗಳಲ್ಲಿ ಒಳಗೆ ಶಟರ್ ಇರುತ್ತೆ, ಅರ್ತ್ ಪಿನ್ ಹೋದ್ರೆ ಮಾತ್ರ ಕೆಳಗಿನ ಎರಡು ತೂತು ತೆರೆಯೋದು, ಅದಕ್ಕೆ ಪ್ರೋಬ್ ಒಳಗೆ ಹೋಗಲ್ಲ. ಮೇಲಿನ ತೂತಿಗೆ ಸ್ಕ್ರೂಡ್ರೈವರ್ ತುರುಕಿ ತೆರೆಯೋ ಅಭ್ಯಾಸ ಬಹಳ ಜನಕ್ಕಿದೆ, ದಯವಿಟ್ಟು ಬೇಡ, ಯಾಕೆ ಬೇಡ ಅಂತ ಕೆಳಗೆ ಗೊತ್ತಾಗುತ್ತೆ, ಕೆಲವು ಸಲ ಆ ತೂತಲ್ಲೇ ಫೇಸ್ ಇರುತ್ತೆ. ಶಟರ್ ಇಲ್ಲದ ಮೂರು ಪಿನ್ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ರೆ ಅದನ್ನ ಚುಚ್ಚಿ ಅದರ ಮೇಲೆ ಅಳೀರಿ. ಆದ್ರೆ ಎಕ್ಸ್‌ಟೆನ್ಷನ್ನೇ ಉಲ್ಟಾ ಇರೋದು ಅಪರೂಪ ಅಲ್ಲ! ಮೊದಲು ಅದನ್ನ ಗೋಡೆಯಿಂದ ಕಿತ್ತು, ಮೀಟರನ್ನ ಬೀಪ್ ಮೋಡ್‌ಗೆ (ಎರಡು ಪ್ರೋಬ್ ಮಧ್ಯೆ ವೈರ್ ಸೇರಿದ್ರೆ ಸದ್ದು ಮಾಡೋದು) ಹಾಕಿ, ಪ್ಲಗ್‌ನ ಪಿನ್ನಿಂದ ಬಾಕ್ಸಿನ ತೂತಿಗೆ ಒಂದೊಂದಾಗಿ ಹಿಡಿದು ಯಾವುದು ಯಾವುದಕ್ಕೆ ಬರ್ತಿದೆ ಅಂತ ನೋಡ್ಕೊಳ್ಳಿ. ಪಿನ್ನನ್ನ ನಮ್ಮ ಕಡೆ ತಿರುಗಿಸಿ ನೋಡುವಾಗ ಫೇಸ್ ಪಿನ್ ಎಡಗಡೆ ಬರುತ್ತೆ ಅನ್ನೋದು ನೆನಪಿರ್ಲಿ.

ಮೂರು ಅಳತೆ

ಬಲ-ಎಡ, ಬಲ-ಮೇಲೆ, ಎಡ-ಮೇಲೆ. ಮೂರೂ ಬರ್ಕೊಳ್ಳಿ, ಒಂದೇ ನೋಡಿ ತೀರ್ಮಾನ ಮಾಡ್ಬೇಡಿ, ಉತ್ತರ ಸಿಗೋದು ಮೂರನ್ನೂ ಪಕ್ಕಪಕ್ಕ ಇಟ್ಟಾಗ. ಸರಿ ಇರೋ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ 230 ಆಸುಪಾಸು, ಫೇಸ್-ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಸೊನ್ನೆಯಿಂದ ಒಂದೆರಡು ವೋಲ್ಟ್.

ಬಲ-ಎಡ 230, ಬಲ-ಮೇಲೆ ಸೊನ್ನೆ ಹತ್ರ, ಎಡ-ಮೇಲೆ 230 ಬಂದ್ರೆ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದೆ. ಅತಿ ಹೆಚ್ಚು ಸಿಗೋ ತಪ್ಪು ಇದೇ, ಸರಿ ಮಾಡೋದೂ ಸುಲಭ, ಎರಡು ವೈರ್ ಬದಲಾಯಿಸೋದು. "ಎಸಿ ಕರೆಂಟ್ ತಾನೆ, ಹೇಗಿದ್ರೇನು" ಅಂತಾರೆ. ಕರೆಂಟ್‌ಗೆ ವ್ಯತ್ಯಾಸ ಇಲ್ಲ ನಿಜ, ಉಪಕರಣದ ಮೇಲಿರೋ ಸ್ವಿಚ್‌ಗೆ ಇದೆ. ಅದು ಬರೀ ಒಂದು ವೈರ್ ಕತ್ತರಿಸೋ ಸ್ವಿಚ್ ಆಗಿದ್ರೆ ಈಗ ನ್ಯೂಟ್ರಲ್ ಕತ್ತರಿಸ್ತಿದೆ, ಆಫ್ ಮಾಡಿದ್ರೂ ಒಳಗಿನ ಕಾಯಿಲ್ ಪೂರ್ತಿ ಫೇಸ್‌ನಲ್ಲೇ ಕೂತಿರುತ್ತೆ.

ಬಲ-ಎಡ 230 ಇದ್ದು, ಅರ್ತ್ ಜೊತೆ ಅಳೆದ ಎರಡೂ 40, 70, 110 ಅಂತ ಅರೆಬರೆ ನಂಬರ್ ಬಂದ್ರೆ, ಪ್ರೋಬ್ ಅಲ್ಲಾಡಿಸಿದ್ರೆ ಅದೂ ಅಲ್ಲಾಡಿದ್ರೆ, ಅರ್ತ್ ಎಲ್ಲಿಗೂ ಸೇರಿಲ್ಲ. ಡಿಜಿಟಲ್ ಮೀಟರ್ ಎಷ್ಟು ಸೂಕ್ಷ್ಮ ಅಂದ್ರೆ ಪಕ್ಕದ ವೈರಿಂದ ಸೋರಿ ಬಂದಿದ್ದನ್ನೂ ವೋಲ್ಟೇಜ್ ಅಂತ ತೋರಿಸುತ್ತೆ. ನನ್ನ ಸಾಕೆಟ್‌ನಲ್ಲಿ ಬಂದಿದ್ದು 228, 110, 112, ಅದೂ ಕಂಪ್ಯೂಟರ್ ಅದೇ ಎಕ್ಸ್‌ಟೆನ್ಷನ್‌ಗೆ ಚುಚ್ಚಿದ್ದಾಗ. ಎರಡೂ ಸರಿಸುಮಾರು ಅರ್ಧರ್ಧ ಇರೋದು ಕಾಕತಾಳೀಯ ಅಲ್ಲ. ಕಂಪ್ಯೂಟರ್ ಪವರ್ ಸಪ್ಲೈ ಒಳಗೆ ಫೇಸಿಂದ ಬಾಡಿಗೊಂದು, ನ್ಯೂಟ್ರಲ್ಲಿಂದ ಬಾಡಿಗೊಂದು ಪುಟ್ಟ ಕೆಪ್ಯಾಸಿಟರ್ ಇರುತ್ತೆ, ಲೈನಿನಲ್ಲಿ ಬರೋ ಎಲೆಕ್ಟ್ರಿಕಲ್ ನಾಯ್ಸ್ ತಡೆಯೋಕೆ. ಅರ್ತ್ ಇದ್ರೆ ಅಲ್ಲಿಂದ ಸೋರೋದು ಸುಮ್ನೆ ಭೂಮಿಗೆ ಹೋಗುತ್ತೆ, ಅರ್ತ್ ಇಲ್ದಿದ್ರೆ ಬಾಡಿ ಎರಡರ ಮಧ್ಯೆ ನಿಲ್ಲುತ್ತೆ, 115 ಹತ್ರ. ಸೋರೋ ಕರೆಂಟ್ ಬಹಳ ಸಣ್ಣದು, ಹಾಗಾಗಿ ಜುಮ್ ಅನ್ನುತ್ತೆ ಅಷ್ಟೇ. ಆದ್ರೆ ಅದೇ ಸಾಕೆಟ್‌ಗೆ ನಾಳೆ ಒಳಗೆ ಫೇಸ್ ತಾಗಿರೋ ಗೀಸರ್ರೋ ವಾಷಿಂಗ್ ಮಷಿನ್ನೋ ಚುಚ್ಚಿದ್ರೆ ಜುಮ್ಮಿಗೆ ನಿಲ್ಲಲ್ಲ.

ಬಲ-ಎಡ ಸೊನ್ನೆ ಅಥವಾ ಅರೆಬರೆ, ಬಲ-ಮೇಲೆ 230 ಬಂದ್ರೆ ನ್ಯೂಟ್ರಲ್ ಕಟ್. ಇದು ಸಾಕೆಟ್ ಓಡದೇ ತಾನಾಗಿ ಗೊತ್ತಾಗುತ್ತೆ, ಬಹಳ ಹೇಳೋಕೇನಿಲ್ಲ. ಒಂದೇ ವಿಷ್ಯ, ಮೂರು ಫೇಸ್ ಬರೋ ಮನೇಲಿ ಮೇನ್ ನ್ಯೂಟ್ರಲ್ಲೇ ಕಟ್ ಆದ್ರೆ ಕೆಲವು ರೂಮಲ್ಲಿ ಬಲ್ಬ್ ಮಂಕಾಗಿ ಕೆಲವು ರೂಮಲ್ಲಿ ಕಣ್ಣು ಕುಕ್ಕೋ ಹಾಗೆ ಉರಿಯುತ್ತೆ. ಆಗ ಮೀಟರ್ ಹುಡುಕ್ತಾ ಕೂರಬೇಡಿ, ಓಡಿಹೋಗಿ ಮೇನ್ ಆಫ್ ಮಾಡಿ. ಎರಡು ಫೇಸ್ ಮಧ್ಯೆ 400 ವೋಲ್ಟ್ ಇರುತ್ತೆ, ಅದರ ದೊಡ್ಡ ಪಾಲು ಯಾವುದರ ಮೇಲೆ ಬೀಳುತ್ತೋ ಅದು ಸುಟ್ಟುಹೋಗುತ್ತೆ.

ಬಲ-ಮೇಲೆ ಸೊನ್ನೆ, ಎಡ-ಮೇಲೆ 230, ಜೊತೆಗೆ ಟೆಸ್ಟರ್ ಮೇಲಿನ ದಪ್ಪ ತೂತಲ್ಲೇ ಹತ್ತಿದ್ರೆ ಅಲ್ಲಿಗೆ ನಿಲ್ಲಿಸಿ. ಅರ್ತ್ ತೂತಿಗೆ ಫೇಸ್ ಬಂದಿದೆ, ಆ ಬೋರ್ಡಿಗೆ ಚುಚ್ಚಿರೋ ಪ್ರತಿಯೊಂದು ಕಬ್ಬಿಣದ ಬಾಡಿಯೂ ಫೇಸೇ. ಎಂಸಿಬಿ (ಮೇನ್ ಬೋರ್ಡಲ್ಲಿ ಆ ಲೈನಿಗಿರೋ ಸ್ವಿಚ್) ಆಫ್ ಮಾಡಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೆಲ್ಲ ಹೇಳಿ, ಎಲೆಕ್ಟ್ರಿಷಿಯನ್ ಬರೋವರೆಗೂ ಹಾಕಬೇಡಿ. ಮೇಲಿನ ಅದಲು ಬದಲು ಕೇಸಿಗೂ ಇದಕ್ಕೂ ಮೀಟರ್ ನಂಬರಲ್ಲಿ ಬರೋ ಗೊಂದಲ ಟೆಸ್ಟರ್ ಬಿಡಿಸುತ್ತೆ, ಹಾಗಾಗಿ ಎರಡೂ ಕೈಯಲ್ಲಿರ್ಲಿ.

ಮೂರೂ ಸರಿ ಬಂದ್ರೂ ತಪ್ಪಿರೋದು

ಇದು ನನಗೆ ಇಷ್ಟವಾದ ಭಾಗ, ತಲೆ ಕೆಡಿಸಿದ ಭಾಗವೂ ಹೌದು. ಅರ್ತ್ ವೈರು ನ್ಯೂಟ್ರಲ್ ಜಾಗದಲ್ಲಿ, ನ್ಯೂಟ್ರಲ್ ಅರ್ತ್ ಜಾಗದಲ್ಲಿ ಕೂತಿದ್ರೆ ಮೀಟರ್ 230, 230, 1 ಅಂತ ಚೆನ್ನಾಗೇ ತೋರಿಸುತ್ತೆ. ಹಾಗೇ ಅರ್ತ್ ವೈರೇ ಬಂದಿಲ್ಲ ಅಂತ ಸಾಕೆಟ್ ಹಿಂದೆ ನ್ಯೂಟ್ರಲ್ಲಿಂದ ಅರ್ತ್ ಸ್ಕ್ರೂಗೆ ಒಂದು ತುಂಡು ವೈರ್ ಲೂಪ್ ಹಾಕಿರ್ತಾರೆ, ಅದೂ ಮೀಟರಲ್ಲಿ ಪಾಸ್. ಮೂರು ಎಲ್‌ಇಡಿ ಇರೋ ಚುಚ್ಚಿ ನೋಡೋ ಸಾಕೆಟ್ ಟೆಸ್ಟರ್ ಸಿಗುತ್ತಲ್ಲ, ಅದೂ ಎರಡಕ್ಕೂ ಸರಿ ಅಂತಲೇ ದೀಪ ಹಾಕುತ್ತೆ, ಬಾಕಿ ತಪ್ಪಿಗೆಲ್ಲ ಅದು ಒಳ್ಳೇದೇ. ಲೂಪ್ ಹಾಕಿದ್ರಲ್ಲಿ ಏನು ಅಪಾಯ ಅಂದ್ರೆ, ಹಿಂದೆ ಎಲ್ಲೋ ನ್ಯೂಟ್ರಲ್ ಬಿಟ್ಟುಹೋದ ದಿನ, ಓಡ್ತಿರೋ ಉಪಕರಣದ ಒಳಗಿಂದ ಫೇಸ್ ಬಂದು ಆ ತುಂಡು ವೈರ್ ದಾಟಿ ನೇರ ಬಾಡಿಗೆ ಬರುತ್ತೆ. ರಕ್ಷಣೆಗೆ ಅಂತ ಇರೋ ಪಿನ್ನೇ ಫೇಸ್ ತಂದುಕೊಡುತ್ತೆ.

ಇದನ್ನ ಹಿಡಿಯೋಕೆ ಲೋಡ್ ಬೇಕು. ಅದೇ ಲೈನಿನ ಇನ್ನೊಂದು ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆನೋ ಹೀಟರ್ರೋ ಹಾಕಿ ಆನ್ ಮಾಡಿ, ಆಗ ಮೂರು ಅಳತೆ ಮತ್ತೆ ತಗೊಳ್ಳಿ. ಸರಿ ಇರೋ ಕಡೆ ನ್ಯೂಟ್ರಲ್‌ನಲ್ಲಿ ಕರೆಂಟ್ ವಾಪಸ್ ಹೋಗ್ತಿರುತ್ತೆ, ಅದಕ್ಕೆ ಫೇಸ್-ನ್ಯೂಟ್ರಲ್ ಸ್ವಲ್ಪ ಇಳಿಯುತ್ತೆ, ಅರ್ತ್‌ನಲ್ಲಿ ಏನೂ ಹರಿಯಲ್ಲ, ಅದಕ್ಕೆ ಫೇಸ್-ಅರ್ತ್ ಕಮ್ಮಿ ಇಳಿಯುತ್ತೆ, ನ್ಯೂಟ್ರಲ್-ಅರ್ತ್ ಒಂದೆರಡು ವೋಲ್ಟ್ ಏರುತ್ತೆ. ಫೇಸ್-ನ್ಯೂಟ್ರಲ್‌ಗಿಂತ ಫೇಸ್-ಅರ್ತ್ ಜಾಸ್ತಿ ಇಳಿದ್ರೆ ಅವೆರಡು ಅದಲು ಬದಲಾಗಿರೋ ಸಾಧ್ಯತೆ ಇದೆ. ಎರಡು ಸಾವಿರ ವಾಟ್ ಓಡ್ತಿದ್ರೂ ನ್ಯೂಟ್ರಲ್-ಅರ್ತ್ ಕಚ್ಚಿ ಹಿಡಿದ ಹಾಗೆ 0.0 ಅಂತಲೇ ಇದ್ರೆ ಹತ್ತಿರದಲ್ಲೇ ಎಲ್ಲೋ ಎರಡನ್ನೂ ಸೇರಿಸಿದಾರೆ. ಇವು ಸುಳಿವು ಅಷ್ಟೇ, ಖಾತ್ರಿ ಮಾಡ್ಕೊಳ್ಳೋದು ಬಿಚ್ಚಿ ನೋಡಿದಾಗ.

ಮನೇಲಿ ಆರ್‌ಸಿಸಿಬಿ ಇದ್ರೆ ಕೆಲ್ಸ ಇನ್ನೂ ಸಲೀಸು. ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡ್ತಾ ಇರುತ್ತೆ, ಮನೆಗೆ ಹಾಕೋದು ಸಾಮಾನ್ಯವಾಗಿ 30 ಮಿಲಿ ಆಂಪ್‌ದು, ಅಷ್ಟು ವ್ಯತ್ಯಾಸ ಬರೋ ಮೊದಲೇ ಟಪ್ ಅಂತ ಬೀಳುತ್ತೆ. ಅರ್ತ್-ನ್ಯೂಟ್ರಲ್ ಬದಲಾಗಿರೋ ಸಾಕೆಟ್‌ಗೆ ತೀರಾ ಸಣ್ಣ ಲೋಡ್ ಬಿಟ್ಟು ಏನು ಚುಚ್ಚಿ ಆನ್ ಮಾಡಿದ್ರೂ ಬೀಳುತ್ತೆ. ಇನ್ನೊಂದು ಉಪಾಯ, ಆರ್‌ಸಿಸಿಬಿ ಆಫ್ ಮಾಡಿದ್ರೆ ಫೇಸು ನ್ಯೂಟ್ರಲ್ಲು ಎರಡೂ ಕಟ್ ಆಗುತ್ತೆ, ಆಗ ಪ್ಲಗ್ ಎಲ್ಲ ಕಿತ್ತು, ಯುಪಿಎಸ್ ಇದ್ರೆ ಅದನ್ನೂ ಪೂರ್ತಿ ಬಂದ್ ಮಾಡಿ, ಮೊದಲು ವೋಲ್ಟೇಜ್ ಇಲ್ಲ ಅಂತ ಅಳೆದು ನೋಡಿ, ಆಮೇಲೆ ಬೀಪ್ ಮೋಡಲ್ಲಿ ಎಡ ತೂತಿಗೂ ಮೇಲಿನ ತೂತಿಗೂ ಪ್ರೋಬ್ ಇಡಿ. ಸುಮ್ನಿರಬೇಕು. ಬೀಪ್ ಅಂದ್ರೆ ಆ ಲೈನಲ್ಲಿ ಎಲ್ಲೋ ನ್ಯೂಟ್ರಲ್ಲು ಅರ್ತು ತಾಗಿವೆ. ಆರ್‌ಸಿಸಿಬಿ ಇಲ್ಲದ ಮನೇಲಿ ಈ ಪರೀಕ್ಷೆ ನಡೆಯಲ್ಲ, ಎಂಸಿಬಿ ಫೇಸ್ ಮಾತ್ರ ಕತ್ತರಿಸೋದು, ನ್ಯೂಟ್ರಲ್ ಹಿಂದುಗಡೆಯಿಂದ ಅರ್ತ್‌ಗೆ ಸೇರಿರೋ ಕಡೆ ಸುಮ್ನೆ ಬೀಪ್ ಬರುತ್ತೆ.

ಆರ್‌ಸಿಸಿಬಿ ಮೇಲಿರೋ ಟೆಸ್ಟ್ ಬಟನ್ ಒತ್ತಿ ಬಿದ್ರೆ ಅರ್ತಿಂಗ್ ಚೆನ್ನಾಗಿದೆ ಅಂತ ಹೇಳೋರಿದಾರೆ, ಅದು ತಪ್ಪು, ಆ ಬಟನ್‌ಗೂ ನಿಮ್ಮ ಅರ್ತ್ ವೈರ್‌ಗೂ ಸಂಬಂಧವೇ ಇಲ್ಲ, ಅರ್ತ್ ಇಲ್ಲದ ಮನೇಲೂ ಬೀಳುತ್ತೆ. ಇನ್ನು ಹೋಲ್ಡರ್‌ಗೆ ಎರಡು ವೈರ್ ಕಟ್ಟಿದ ಬಲ್ಬನ್ನ ಫೇಸಿಗೂ ಅರ್ತಿಗೂ ಹಿಡಿದು "ಉರೀತು, ಅರ್ತಿಂಗ್ ಸೂಪರ್" ಅನ್ನೋ ಹಳೇ ಪದ್ಧತಿ ಇದೆಯಲ್ಲ, ಅದನ್ನ ಮಾಡ್ಬೇಡಿ. 60 ವಾಟ್ ಬಲ್ಬ್ ಅಂದ್ರೆ 260 ಮಿಲಿ ಆಂಪ್, ಆರ್‌ಸಿಸಿಬಿ ಇದ್ರೆ ಹೇಗೂ ಬೀಳುತ್ತೆ, ಇಲ್ಲದೇ ಅರ್ತ್ ವೈರ್ ಹಿಂದೆ ಎಲ್ಲೋ ಕಟ್ ಆಗಿದ್ರೆ ನೀವು ಬಲ್ಬ್ ಮೂಲಕ ಆ ಅರ್ತ್‌ಗೆ ಸೇರಿರೋ ಫ್ರಿಜ್ಜು ವಾಷಿಂಗ್ ಮಷಿನ್ನು ಎಲ್ಲದರ ಬಾಡಿಗೂ ಫೇಸ್ ಕಳಿಸ್ತಿದೀರಿ. ಆ ಹೊತ್ತಿಗೆ ಆ ಕಡೆ ಯಾರೋ ಫ್ರಿಜ್ ಬಾಗಿಲು ತೆಗೀತಿರ್ತಾರೆ.

ಪ್ಲೇಟ್ ಬಿಚ್ಚೋದು

ಎಂಸಿಬಿ ಆಫ್, ಸಾಧ್ಯ ಆದ್ರೆ ಮೇನೂ ಆಫ್. ಆಫ್ ಮಾಡಿದ ಮೇಲೆ ಟೆಸ್ಟರ್ ಹತ್ತಲಿಲ್ಲ ಅಂತ ನಂಬಬೇಡಿ, ಟೆಸ್ಟರ್ರೇ ಕೆಟ್ಟಿರಬಹುದು. ಮೊದಲು ಲೈವ್ ಇರೋ ಇನ್ನೊಂದು ಕಡೆ ಇಟ್ಟು ಹತ್ತೋದನ್ನ ನೋಡಿ, ಆಮೇಲೆ ಇಲ್ಲಿ ಇಟ್ಟು ಹತ್ತದೇ ಇರೋದನ್ನ ನೋಡಿ, ಮತ್ತೆ ಅಲ್ಲಿಗೇ ಹೋಗಿ ಹತ್ತೋದನ್ನ ನೋಡಿ. ಯುಪಿಎಸ್ ಇರೋ ಮನೇಲಿ ಇನ್ನೂ ಹುಷಾರು, ಮೇನ್ ಆಫ್ ಮಾಡಿದ ಕ್ಷಣಕ್ಕೆ ಅದು "ಕರೆಂಟ್ ಹೋಯ್ತು" ಅನ್ಕೊಂಡು ತಾನು ಫೇಸ್ ಕೊಡೋಕೆ ಶುರು ಮಾಡುತ್ತೆ, ಒಂದೇ ಬೋರ್ಡಲ್ಲಿ ಮೇನ್ ವೈರು ಯುಪಿಎಸ್ ವೈರು ಎರಡೂ ಇರುತ್ತೆ. ಅದನ್ನೂ ಆಫ್ ಮಾಡಿ ಔಟ್‌ಪುಟ್ ಪ್ಲಗ್ ಕಿತ್ತಿಡಿ.

ಬಿಚ್ಚಿದ ತಕ್ಷಣ ಫೋಟೋ ತೆಗೀರಿ, ಒಂದು ವೈರನ್ನೂ ಕದಲಿಸೋ ಮೊದಲು. ಬಣ್ಣ ನೋಡಿ ತೀರ್ಮಾನ ಮಾಡೋಕೆ ಹೋಗ್ಬೇಡಿ. ಹಳೇ ಪದ್ಧತೀಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಉಪಕರಣದ ಜೊತೆ ಬರೋ ವೈರಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತ್. ಅಂದ್ರೆ ನೀಲಿ ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್! ಇನ್ನು ಕೈಗೆ ಸಿಕ್ಕ ತುಂಡು ಎಳೆದವರ ಮನೇಲಿ ಹಸಿರು ವೈರಲ್ಲಿ ಫೇಸ್ ಓಡಿರೋದನ್ನೂ ನಾನು ನೋಡಿದೀನಿ. ಬಣ್ಣ ಏನೇ ಹೇಳ್ಲಿ, ಮೀಟರ್ ಹೇಳಿದ್ದೇ ಕೊನೆ ಮಾತು.

ನನ್ನ ಬಾಕ್ಸ್ ಒಳಗೆ ಏನಿತ್ತು ಅಂದ್ರೆ, ಪೈಪಿಂದ ಬಂದ ಹಸಿರು ವೈರ್ ಒಂದು, ಪಕ್ಕದ ರೂಮಿಗೆ ಹೋಗೋ ಹಸಿರು ವೈರ್ ಒಂದು, ಎರಡನ್ನೂ ಗಿಡ್ಡಕ್ಕೆ ಕತ್ತರಿಸಿ, ಬೇರೆ ಬೇರೆ ಟೇಪ್ ಸುತ್ತಿ ಮೂಲೆಗೆ ತುರುಕಿದ್ರು. ಅರ್ತ್ ಸ್ಕ್ರೂ ಖಾಲಿ, ಹೊಸದಾಗಿ ಹೊಳೀತಾ ಇತ್ತು. ಮರೆತು ಬಿಟ್ಟಿದ್ದಲ್ಲ ಅಂತ ನೋಡಿದ್ರೇ ಗೊತ್ತಾಗ್ತಿತ್ತು. ನಾನು ದೊಡ್ಡ ಜಾಣನ ಹಾಗೆ ಎರಡನ್ನೂ ಸುಲಿದು ಸ್ಕ್ರೂಗೆ ಹಾಕಿ ಟೈಟ್ ಮಾಡಿ ಮೇನ್ ಆನ್ ಮಾಡಿದೆ. ಕಂಪ್ಯೂಟರ್ ಜುಮ್ ಅನ್ನೋದು ನಿಂತಿತು. ಸಂಜೆ ಪಕ್ಕದ ರೂಮಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದ ತಕ್ಷಣ ಆರ್‌ಸಿಸಿಬಿ ಬಿದ್ದು ಮನೆಯೆಲ್ಲ ಕತ್ತಲೆ. ಆಗ ತಲೆಗೆ ಹೊಳೀತು, ಹಿಂದೆ ಬಂದಿದ್ದ ಎಲೆಕ್ಟ್ರಿಷಿಯನ್‌ಗೂ ಇದೇ ಆಗಿದೆ, ಆರ್‌ಸಿಸಿಬಿ ಬೀಳೋದಕ್ಕೆ ಕಾರಣ ಹುಡುಕೋ ಬದಲು ಅರ್ತ್ ಕತ್ತರಿಸಿ ಬೀಳದ ಹಾಗೆ ಮಾಡಿ ಹೋಗಿದಾರೆ.

ಪಕ್ಕದ ರೂಮಿನ ಬೋರ್ಡಲ್ಲಿ ಮೇಲೆ ಹೇಳಿದ ಬೀಪ್ ಪರೀಕ್ಷೆ ಮಾಡಿದೆ, ಎಡಕ್ಕೂ ಮೇಲಕ್ಕೂ ಇಟ್ಟ ಕೂಡ್ಲೇ ಬೀಪ್. ಪ್ಲೇಟ್ ಬಿಚ್ಚಿದೆ, ಎಲ್ಲ ವೈರೂ ಅದರದರ ಜಾಗದಲ್ಲೇ ಇತ್ತು, ಲೂಪೂ ಇಲ್ಲ. ವೈರ್‌ಗಳನ್ನ ಮುಂದಕ್ಕೆ ಎಳೆದಾಗ ಬೀಪ್ ನಿಂತಿತು, ಒಳಗೆ ತಳ್ಳಿದ್ರೆ ಮತ್ತೆ ಬಂತು. ಟಾರ್ಚ್ ಬಿಟ್ಟು ಒಂದೊಂದೇ ಸವರ್ತಾ ಹೋದ್ರೆ ಕಪ್ಪು ವೈರ್ ಮೇಲೆ ಒಂದು ಕಡೆ ಸ್ಕ್ರೂ ಥ್ರೆಡ್ಡಿನ ಅಚ್ಚು ಕೂತಿತ್ತು, ಮೂರು ಸಣ್ಣ ಗೆರೆ, ನಡುವೆ ತಾಮ್ರ ಹೊಳೀತಿತ್ತು. ಪ್ಲೇಟ್ ಕೂರಿಸೋ ಉದ್ದ ಸ್ಕ್ರೂ ವೈರ್ ಪ್ಲಾಸ್ಟಿಕ್ ಸೀಳಿ ಒಳಗೆ ಹೋಗಿದೆ, ಸ್ಕ್ರೂ ಕಬ್ಬಿಣದ ಬಾಕ್ಸಿಗೆ ಕಚ್ಚಿದೆ, ಬಾಕ್ಸ್ ಅರ್ತ್ ಆಗಿದೆ. ಬಲ್ಬ್ ಹಾಕಿದ್ರೆ ಬೀಳಲ್ಲ, ಇಸ್ತ್ರಿ ಹಾಕಿದ್ರೆ ಬೀಳುತ್ತೆ, ಯಾಕಂದ್ರೆ ವಾಪಸ್ ಹೋಗೋ ಕರೆಂಟ್‌ನಲ್ಲಿ ಒಂದು ಪಾಲು ಅರ್ತ್ ಕಡೆ ತಿರುಗುತ್ತೆ, ಲೋಡ್ ದೊಡ್ಡದಾದ್ರೆ ಆ ಪಾಲೂ 30 ಮಿಲಿ ಆಂಪ್ ದಾಟುತ್ತೆ. ಗಾಯ ಆದ ಜಾಗದವರೆಗೆ ಕತ್ತರಿಸಿ, ವೈರ್ ಉದ್ದ ಸಾಲ್ತಿತ್ತು ಪುಣ್ಯಕ್ಕೆ, ಮತ್ತೆ ಸುಲಿದು ಹಾಕಿ, ಗಿಡ್ಡ ಸ್ಕ್ರೂ ಹಾಕಿದೆ. ಮುಗೀತು.

ಕನೆಕ್ಷನ್ ಕೊಡುವಾಗ

8ರಿಂದ 10 ಮಿಲಿಮೀಟರ್ ಸುಲೀರಿ, ಎಳೆ ಕತ್ತರಿಸಿಹೋಗಬಾರದು, ತಿರುಚಿ ಸ್ಕ್ರೂ ಕೆಳಗೆ ಪೂರ್ತಿ ಕೂರಿಸಿ, ಪ್ಲಾಸ್ಟಿಕ್ ಮೇಲೆ ಸ್ಕ್ರೂ ಕೂರಬಾರದು, ಟೈಟ್ ಮಾಡಿದ ಮೇಲೆ ಪ್ರತಿ ವೈರನ್ನೂ ಒಂದ್ಸಲ ಎಳೆದು ನೋಡಿ. ಲೂಸ್ ಬಿಟ್ರೆ ಏನಾಗುತ್ತೆ ಅಂತ ಲೆಕ್ಕ ಹಾಕಿದ್ರೆ ಭಯ ಆಗುತ್ತೆ. 2000 ವಾಟ್ ಹೀಟರ್ ಸುಮಾರು 8.7 ಆಂಪ್ ಎಳೆಯುತ್ತೆ, ಲೂಸ್ ಸ್ಕ್ರೂ ಹತ್ರ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ರೂ ಆ ಒಂದು ಬಿಂದುವಿನಲ್ಲಿ 38 ವಾಟ್ ಬಿಸಿ ಹುಟ್ಟುತ್ತೆ. ಬೆಸುಗೆ ಹಾಕೋ ಐರನ್ನೇ 25 ವಾಟ್‌ದು ಬರುತ್ತೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರೋದು, ಪ್ಲಗ್ ಪಿನ್ ಕಪ್ಪಾಗಿರೋದು, ಚಿರ್ ಅನ್ನೋ ಸದ್ದು, ಮೂಗಿಗೆ ಬಡಿಯೋ ಸುಟ್ಟ ಪ್ಲಾಸ್ಟಿಕ್ ವಾಸನೆ, ಇವು ಕಂಡ್ರೆ ಟೈಟ್ ಮಾಡಿ ಬಿಡಬೇಡಿ, ಸಾಕೆಟ್ಟೇ ಬದಲಾಯಿಸಿ, ಒಳಗಿನ ಪಿತ್ತಾಳೆ ಪಟ್ಟಿ ಬಿಸಿಗೆ ಸ್ಪ್ರಿಂಗ್ ಕಳ್ಕೊಂಡಿರುತ್ತೆ, ವೈರೂ ಗಟ್ಟಿಯಾಗಿ ಪುಡಿಪುಡಿ ಆಗಿದ್ರೆ ಒಳ್ಳೆ ಭಾಗ ಸಿಗೋವರೆಗೆ ಕತ್ತರಿಸಿ. ಮತ್ತೆ ಸ್ವಿಚ್ ಯಾವತ್ತೂ ಫೇಸಿಗೆ, ಅರ್ತ್‌ಗೆ ನಡುವೆ ಯಾವ ಸ್ವಿಚ್ಚೂ ಫ್ಯೂಸೂ ಬರಬಾರದು.

ಅಲ್ಯುಮಿನಿಯಂ ವೈರ್ ಕಂಡ್ರೆ, ಬಾಕ್ಸ್ ಒಳಗೆ ನೀರಿನ ಕಲೆ ಇದ್ರೆ, ಹಸಿರು ವೈರೇ ಪೈಪಿಂದ ಬಂದಿಲ್ಲ ಅಂದ್ರೆ, ಅಥವಾ ಕೆಲ್ಸ ಡಿಬಿ (ಎಂಸಿಬಿಗಳೆಲ್ಲ ಇರೋ ಮೇನ್ ಬೋರ್ಡ್) ಒಳಗೆ ಹೋಗ್ತಿದೆ ಅಂದ್ರೆ ನಿಮ್ಮ ಪಾಲಿಗೆ ಅಲ್ಲಿಗೆ ಮುಗೀತು, ಮೇನ್ ಆಫ್ ಮಾಡಿದ್ರೂ ಮೇನಿಗೆ ಒಳಬರೋ ವೈರಲ್ಲಿ ಫೇಸ್ ಇದ್ದೇ ಇರುತ್ತೆ. ಅರ್ತ್ ಗುಂಡಿ ಚೆನ್ನಾಗಿದೆಯಾ ಅಂತ ಅಳೆಯೋಕೂ ಬೇರೆ ಮೀಟರ್ರೇ ಬೇಕು, ಮಲ್ಟಿಮೀಟರ್ ಸಾಲಲ್ಲ.

ಪ್ಲೇಟ್ ಮುಚ್ಚಿದ ಮೇಲೆ ಮೂರೂ ಅಳತೆ ಇನ್ನೊಂದ್ಸಲ, ಲೋಡ್ ಇಲ್ಲದೇ ಒಮ್ಮೆ, ಇಸ್ತ್ರಿ ಪೆಟ್ಟಿಗೆ ಹಾಕಿ ಒಮ್ಮೆ. ನನಗೆ ಕೊನೆಗೆ ಬಂದಿದ್ದು ಲೋಡ್ ಇಲ್ದೇ 229, 229, 0.4, ಇಸ್ತ್ರಿ ಹಾಕಿದಾಗ 225, 227, 2.1. ಖುಷಿಗೆ ಮೀಟರ್ ಹಿಡ್ಕೊಂಡು ಮನೆಯ ಎಲ್ಲ ಸಾಕೆಟ್ ಸುತ್ತಿದೆ, ಒಂದೇ ಕೈ ಮಾಡಿದ ಕೆಲ್ಸ ತಾನೆ, ಒಂದು ಕಡೆ ತಪ್ಪಿದವರು ಇನ್ನೊಂದು ಕಡೆನೂ ತಪ್ಪಿರ್ತಾರೆ. ಹದಿನಾರರಲ್ಲಿ ನಾಲ್ಕು ಕಡೆ ಫೇಸ್ ಎಡಗಡೆ ಸಿಕ್ತು.